ಕೆರೆಗೊಂದು ಗೆರೆ

ಪಾಂಡವಪುರ ತಾಲ್ಲೂಕಿನ ನಮ್ಮೂರಿನಿಂದ ಕನ್ನಂಬಾಡಿ ಕಟ್ಟೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಸಿಡ್ನಿಯ ಪಶ್ಚಿಮಕ್ಕಿರುವ ಪೆಂಡಲ್ ಹಿಲ್‌ನಿಂದ ಅದೇ ಕಟ್ಟೆಗೆ ಎರಡು ವಿಮಾನ, ಒಂದು ಟ್ಯಾಕ್ಸಿ, ಹತ್ತಿರ ಹತ್ತಿರ ಒಂದು ದಿನ. ಆದರೂ ಕಟ್ಟೆಯಲ್ಲಿ ನೀರೆಷ್ಟಿದೆ ಎಂದು ಅಪ್ಪ ಕೇಳುವುದು ನನ್ನನ್ನೇ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಬೆಳಿಗ್ಗೆ ಆರೂವರೆ ಆದಾಗ ಇಲ್ಲಿ ಹನ್ನೊಂದು. ಅವರ ಕಾಫಿ ಮುಗಿದಿರುತ್ತದೆ, ಪೇಪರಿನ ಹುಡುಗ ಬಂದಿರುವುದಿಲ್ಲ. ಬಂದರೂ ಆ ಸಣ್ಣಕ್ಷರದ ಪಟ್ಟಿ ಅವರ ಕನ್ನಡಕಕ್ಕೆ ಈಗ ಎಟುಕುವುದಿಲ್ಲ.

2023ರ ಆಗಸ್ಟಿನ ಒಂದು ಭಾನುವಾರ ಫೋನು ಬಂತು.

"ಕಟ್ಟೆ ಏಟಾಗದವ್ವ?"

"ನೂರಾ ಹತ್ತರ ಮೇಲಿದೆ ಅಪ್ಪ."

"ಅದು ಸರಿ. ಏರ್ತಾ ಅದೋ, ಇಳೀತಾ ಅದೋ?"

ನನ್ನ ಬಳಿ ಉತ್ತರ ಇರಲಿಲ್ಲ. ಪ್ಯಾರಮಟ್ಟಾದ ಒಂದು ಕಚೇರಿಯಲ್ಲಿ ವಾರದ ಐದು ದಿನ ಎಕ್ಸೆಲ್ ಜೊತೆಯೇ ಏಗುವವಳು ನಾನು. ಅಂಕಿ ಹೇಳಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಎಂಟನೇ ಕ್ಲಾಸು ಓದಿದ ಅಪ್ಪನಿಗೆ ಬೇಕಾಗಿದ್ದದ್ದು ಅಂಕಿಯ ಮುಖ ಯಾವ ಕಡೆಗಿದೆ ಎಂಬುದು. ಭತ್ತಕ್ಕೆ ಒಟ್ಲು ಹಾಕಬೇಕೋ ಬೇಡವೋ, ವಿ.ಸಿ. ನಾಲೆಗೆ ನೀರು ಪೂರ್ತಿ ಬಿಡುತ್ತಾರೋ ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೋ, ಎಲ್ಲವೂ ಆ ಮುಖದ ಮೇಲೆ ನಿಂತಿತ್ತು.

ಕನ್ನಡ ಪತ್ರಿಕೆ ಓದುವವರಿಗೆ ಜಲಾಶಯಗಳ ಪಟ್ಟಿ ಹೊಸದಲ್ಲ. ಮುಂಗಾರು ಶುರುವಾದರೆ ಸಾಕು, ಪುಟದ ಮೂಲೆಯಲ್ಲಿ ಅದು ಹಾಜರಾಗುತ್ತದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಲವು ಪತ್ರಿಕೆಗಳಲ್ಲಿ ಕಳೆದ ವರ್ಷ ಇದೇ ದಿನದ ಮಟ್ಟವೂ ಇರುತ್ತದೆ. ಆ ಕೊನೆಯ ಕಾಲಂ ಸೇರಿಸಿದ ಉಪಸಂಪಾದಕ ಯಾರೋ ಜಾಣನೇ ಇರಬೇಕು. ಒಂದು ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿದರೆ ಮಾತು ಶುರುವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಎರಡು ಚುಕ್ಕೆಗಳ ನಡುವೆ ಒಂದು ಇಡೀ ವರ್ಷ ಕಾಣೆಯಾಗಿರುತ್ತದೆ.

ಅಪ್ಪನ ಆ ಫೋನಿನ ನಂತರ ನಾನು ಒಂದು ಹಾಳೆ ಶುರುಮಾಡಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನವೂ ಕೊಡುವ ಅಂಕಿಗಳನ್ನು ನೋಡಿ ತುಂಬುವುದು. ಸಾಲಿಗೊಂದು ಜಲಾಶಯ, ಕಾಲಂಗೊಂದು ದಿನ. ಹೆಸರಿನ ಪಕ್ಕ ಗರಿಷ್ಠ ಮಟ್ಟ: ಕೆಆರ್‌ಎಸ್, ಅಂದರೆ ನಮ್ಮ ಕನ್ನಂಬಾಡಿ ಕಟ್ಟೆ, 124.80 ಅಡಿ, ಕಬಿನಿ 2284, ಹಾರಂಗಿ 2859, ಹೇಮಾವತಿ 2922, ಭದ್ರಾ 186, ತುಂಗಭದ್ರಾ 1633, ಲಿಂಗನಮಕ್ಕಿ 1819. ಆಲಮಟ್ಟಿ ಮಾತ್ರ ಮೀಟರಿನಲ್ಲಿ, 519.60. ಕೆಆರ್‌ಎಸ್, ಭದ್ರಾಗಳ ಅಡಿ ನದೀತಳದಿಂದ ಎಣಿಸಿದ್ದು. ಕಬಿನಿ, ಹೇಮಾವತಿಯಂಥವು ಸಮುದ್ರ ಮಟ್ಟದಿಂದ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗ ಈ ಪಟ್ಟಿ ನೋಡಿ, ಕಬಿನಿ ಕೆಆರ್‌ಎಸ್‌ಗಿಂತ ಹದಿನೆಂಟು ಪಟ್ಟು ಆಳ ಎಂದು ಕೆಲವು ದಿನ ನಂಬಿಕೊಂಡಿದ್ದ.

ತಿಂಗಳು ಕಳೆಯುವಷ್ಟರಲ್ಲಿ ಪರದೆಯ ತುಂಬ ರಾಗಿ ಚೆಲ್ಲಿದ ಹಾಗೆ ಅಂಕಿಗಳು. ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ತಿಳಿಯಲು ಪ್ರತಿ ಸಾಲನ್ನೂ ಬಾಯಲ್ಲಿ ಓದಿಕೊಳ್ಳಬೇಕು. ದೊಡ್ಡ ಚಾರ್ಟ್ ಹಾಕಿದೆ. ಎಂಟು ಬಣ್ಣದ ಎಂಟು ಗೆರೆಗಳು ಹಬ್ಬದ ಮಾರನೆಯ ದಿನದ ತೋರಣದಂತೆ ಜೋತುಬಿದ್ದವು. ಆಗ ನೆನಪಾದದ್ದು ಎಕ್ಸೆಲ್‌ನಲ್ಲಿ ವರ್ಷಗಳಿಂದ ಇದ್ದೂ ನಾನು ಮುಟ್ಟದೇ ಇದ್ದ ಒಂದು ಗುಂಡಿ: ಸ್ಪಾರ್ಕ್‌ಲೈನ್.

ಎಕ್ಸೆಲ್‌ನ ಸೆಲ್ ಅನ್ನು ನಾನು ಮನೆ ಎನ್ನುತ್ತೇನೆ, ಚೌಕಾಬಾರದ ಮನೆಯ ಹಾಗೆ. ಸ್ಪಾರ್ಕ್‌ಲೈನ್ ಎಂದರೆ ಆ ಒಂದೇ ಮನೆಯೊಳಗೆ ಹಿಡಿಸುವ ಪುಟಾಣಿ ಗ್ರಾಫು. ಅದಕ್ಕೆ ತಲೆಬರಹ ಇಲ್ಲ, ಅಡಿಗೆರೆ ಇಲ್ಲ, ಅಂಚಿನಲ್ಲಿ ಅಳತೆ ಇಲ್ಲ. ಸಾಲಿನ ಕೊನೆಯಲ್ಲಿ ಒಂದು ಪದದಷ್ಟು ಜಾಗದಲ್ಲಿ ಆ ಸಾಲಿನ ಕಥೆಯನ್ನೆಲ್ಲ ಒಂದು ಗೆರೆಯಾಗಿ ಎಳೆದಿಡುತ್ತದೆ. ಹೆಸರಿಟ್ಟವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಟಫ್ಟಿ. 2006ರ ‘ಬ್ಯೂಟಿಫುಲ್ ಎವಿಡೆನ್ಸ್’ ಪುಸ್ತಕದಲ್ಲಿ ಅವರು ಇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟರು. ಗ್ರಾಫು ಪುಟದ ನಡುವೆ ಚೌಕಟ್ಟು ಹಾಕಿಕೊಂಡು ಕೂರುವ ಚಿತ್ರವೇ ಆಗಬೇಕೆಂದಿಲ್ಲ, ವಾಕ್ಯದೊಳಗಿನ ಪದದಂತೆ ಅಂಕಿಯ ಪಕ್ಕದಲ್ಲೇ ನಿಲ್ಲಬಹುದು ಎಂಬುದು ಅವರ ವಾದ. ರೋಗಿಯ ರಕ್ತದ ಸಕ್ಕರೆಯ ಅಂಕಿಯ ಜೊತೆಗೇ ಅದರ ಹಿಂದಿನ ಏರಿಳಿತ ಕಾಣಬೇಕು ಎಂಬಂಥ ಉದಾಹರಣೆಗಳನ್ನು ಅವರು ಕೊಟ್ಟಿದ್ದಾರೆ. ನಮ್ಮಪ್ಪ ಟಫ್ಟಿಯನ್ನು ಓದಿಲ್ಲ. ಕೇಳಿದ ಪ್ರಶ್ನೆ ಅದೇ.

ಅಂಕಿಯನ್ನು ಗೆರೆಯಾಗಿಸುವ ವಿದ್ಯೆ ಹಳೆಯದು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲೇ ಇಂಗ್ಲೆಂಡಿನ ಆಮದು ರಫ್ತುಗಳನ್ನು ಗೆರೆಗಳಲ್ಲಿ ಬರೆದು ಅಚ್ಚು ಹಾಕಿಸಿದ. ಅದನ್ನು ಸೆಲ್ಲಿನೊಳಗೆ ತೂರಿಸುವ ಚಪಲ ಲೆಕ್ಕದ ಗುಮಾಸ್ತರದು. ಎಕ್ಸೆಲ್‌ನಲ್ಲಿ ಒಂದೇ ಅಕ್ಷರವನ್ನು ಬೇಕಾದಷ್ಟು ಸಲ ಬರೆಯುವ ‘ರೆಪ್ಟ್’ ಎಂಬ ಸೂತ್ರವಿದೆ. ನಿಂತ ಗೀಟನ್ನು ಎಂಬತ್ತು ಸಲ ಒತ್ತೊತ್ತಾಗಿ ಬರೆಸಿದರೆ ಅದೇ ಒಂದು ಪಟ್ಟಿಯಾಗಿ ಕಾಣುತ್ತಿತ್ತು. ಹಾಲಿನವಳ ಲೆಕ್ಕಕ್ಕೆ ಅಜ್ಜಿ ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚುತ್ತಿದ್ದ ಗೀಟುಗಳಂತೆಯೇ. 2010ರ ಎಕ್ಸೆಲ್‌ನಲ್ಲಿ ಮೈಕ್ರೋಸಾಫ್ಟ್ ಸ್ಪಾರ್ಕ್‌ಲೈನನ್ನು ಒಳಗೇ ಕೊಟ್ಟಿತು. ದುಡ್ಡು ಕೊಡದೆ ಸಿಗುವ ಲಿಬ್ರೆಆಫೀಸ್‌ಗೆ ಅದು ಬಂದದ್ದು 2022ರಲ್ಲಿ. ಗೂಗಲ್ ಶೀಟ್ಸ್‌ನಲ್ಲಿ ಅದು ಸೂತ್ರದ ರೂಪದಲ್ಲಿದೆ.

ಮಾಡುವುದು ಹೀಗೆ. ಸಾಲಿನ ಕೊನೆಯ ಖಾಲಿ ಮನೆಯಲ್ಲಿ ಕುಳಿತು, ಮೇಲಿನ ಇನ್ಸರ್ಟ್ ಪಟ್ಟಿಯಲ್ಲಿ ಸ್ಪಾರ್ಕ್‌ಲೈನ್ಸ್ ಎಂಬಲ್ಲಿ ಲೈನ್ ಒತ್ತಿ, ಯಾವ ಮನೆಯಿಂದ ಯಾವ ಮನೆಯವರೆಗಿನ ಅಂಕಿ ಬೇಕು ಎಂದು ಎಳೆದು ತೋರಿಸಿದರೆ ಆಯಿತು. ಆಮೇಲೆ ಆ ಮನೆಯ ಮೂಲೆ ಹಿಡಿದು ಕೆಳಕ್ಕೆ ಎಳೆದರೆ ಎಂಟು ಜಲಾಶಯಕ್ಕೂ ಒಂದೊಂದು ಗೆರೆ. ಗೂಗಲ್‌ನಲ್ಲಿ ಸಮ ಚಿಹ್ನೆ ಹಾಕಿ, ಸ್ಪಾರ್ಕ್‌ಲೈನ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಬ್ರಾಕೆಟ್ಟಿನಲ್ಲಿ ಮೊದಲ ಮತ್ತು ಕೊನೆಯ ಮನೆಯ ವಿಳಾಸ ಕೊಡಬೇಕು. ಎಕ್ಸೆಲ್‌ನಲ್ಲಿ ಒಂದು ಅನುಕೂಲವಿದೆ: ಗೆರೆ ಮನೆಯ ಹಿಂಬದಿಯಲ್ಲಿರುತ್ತದೆ, ಆದ್ದರಿಂದ ಅದೇ ಮನೆಯಲ್ಲಿ ಇಂದಿನ ಅಂಕಿಯನ್ನೂ ಬರೆಯಬಹುದು. ಒಂದು ಕಿರಿಕಿರಿಯೂ ಇದೆ. ಬೇಡವೆಂದು ಡಿಲೀಟ್ ಒತ್ತಿದರೆ ಗೆರೆ ಜಪ್ಪಯ್ಯ ಎನ್ನುವುದಿಲ್ಲ. ಸ್ಪಾರ್ಕ್‌ಲೈನ್ ಪಟ್ಟಿಗೇ ಹೋಗಿ ಕ್ಲಿಯರ್ ಎಂದು ಹೇಳಬೇಕು. ಇದು ಗೊತ್ತಾಗಲು ನನಗೆ ಅರ್ಧ ದಿನ ಹಿಡಿಯಿತು, ಲೆಕ್ಕದವಳು ಎಂಬ ಹೆಸರಿದ್ದೂ.

ಗೆರೆಗಳು ಮೂಡಿದ ಮೇಲೆ ಹಾಳೆಯ ಬಲಗಡೆ ಎಂಟು ಮುಖಗಳು ಎದ್ದು ಕುಳಿತ ಹಾಗಾಯಿತು. ಆ ವರ್ಷದ ಕೆಆರ್‌ಎಸ್ ಗೆರೆ ಜುಲೈ ಕೊನೆಯಲ್ಲಿ ಎದ್ದು, ಆಗಸ್ಟಿನಲ್ಲಿ ಬಾಗಿ, ಸೆಪ್ಟೆಂಬರಿನಲ್ಲಿ ಜಾರಿತು. ತಮಿಳುನಾಡಿಗೆ ನೀರು ಬಿಡುವ ಆದೇಶ, ಸೆಪ್ಟೆಂಬರ್ 26ರ ಬೆಂಗಳೂರು ಬಂದ್, 29ರ ಕರ್ನಾಟಕ ಬಂದ್, ಎಲ್ಲ ಆ ಇಳಿಜಾರಿನ ಮೇಲೆ ನಡೆದವು. ಕಟ್ಟೆ ಆ ವರ್ಷ ತುಂಬಲೇ ಇಲ್ಲ. ಅಪ್ಪ ಒಟ್ಲು ಹಾಕಿಸಲಿಲ್ಲ.

ವರ್ಷಗಟ್ಟಲೆಯ ಗೆರೆಯನ್ನು ಒಮ್ಮೆ ನೋಡಬೇಕು. ನಮ್ಮ ಕಾವೇರಿ ಕಣಿವೆಯ ಜಲಾಶಯಗಳ ಗೆರೆಗೆ ಒಂದು ಖಚಿತ ಆಕಾರವಿದೆ: ಜೂನ್‌ನಿಂದ ಆಗಸ್ಟಿನೊಳಗೆ ಕಡಿದಾಗಿ ಏರು, ಅಲ್ಲಿಂದ ಮುಂದಿನ ಮೇ ತನಕ ನಿಧಾನ ಇಳಿಜಾರು. ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಮೂಡಿಗೆರೆ ದಾಟಿ ಬಯಲುಸೀಮೆಗೆ ಇಳಿಯುವ ದಾರಿಯ ನೆರಳು ಕತ್ತರಿಸಿಟ್ಟ ಹಾಗೆ. ಮಳೆ ತರುವುದು ಆ ಘಟ್ಟವೇ. ಅದು ತರುವ ನೀರಿನ ಗೆರೆಗೂ ಘಟ್ಟದ್ದೇ ಆಕಾರ. ಇದು ನನ್ನ ಪುಳಕವಷ್ಟೇ, ವಿಜ್ಞಾನವಲ್ಲ.

ಪೆಂಡಲ್ ಹಿಲ್‌ನ ನಲ್ಲಿಯ ನೀರಿನ ಗೆರೆ ಬೇರೆಯದೇ. ಊರಿನ ಹೆಸರಲ್ಲಿ ಬೆಟ್ಟವಿದೆ, ನೋಡಲು ಬೆಟ್ಟವಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿರುವ ಒಂದು ಬೆಟ್ಟದ ಹೆಸರನ್ನು ಹತ್ತಿಗಿರಣಿಯ ಕಾಲದಲ್ಲಿ ಇಲ್ಲಿಗೆ ತಂದಿಟ್ಟರು. ಆಸ್ಟ್ರೇಲಿಯಾದ ಮನೆಮನೆಗೂ ಬನಿಯನ್ ಹೊಲಿದುಕೊಟ್ಟ ಬಾಂಡ್ಸ್ ಕಂಪನಿಯ ನೂಲಿನ ಗಿರಣಿ ಇದ್ದದ್ದು ಇಲ್ಲಿಯ ಡನ್‌ಮೋರ್ ರಸ್ತೆಯಲ್ಲಿ. ಈಗ ಸ್ಟೇಷನ್ನಿನ ಎದುರು ಶ್ರೀಲಂಕಾ ತಮಿಳರ ಅಂಗಡಿಗಳು, ಸೋನಾ ಮಸೂರಿ ಚೀಲಗಳು, ಶನಿವಾರ ಬೆಳಿಗ್ಗೆ ದೋಸೆಯ ವಾಸನೆ. ಕಾವೇರಿ ನೀರಿನ ವಿಷಯ ಅಂಗಡಿಯಲ್ಲಿ ತೆಗೆಯಬಾರದು ಎಂಬ ಶಿಸ್ತನ್ನು ನಾನು ತಪ್ಪದೆ ಪಾಲಿಸುತ್ತೇನೆ.

ಸಿಡ್ನಿಯ ಕುಡಿಯುವ ನೀರಿನ ಬಹುಪಾಲು ಬರುವುದು ವಾರಗ್ಯಾಂಬಾ ಅಣೆಕಟ್ಟೆಯಿಂದ. 1960ರಲ್ಲಿ ಮುಗಿದ ಕಟ್ಟೆ. ಅದರ ಸಾಮರ್ಥ್ಯ 20 ಲಕ್ಷ ಮೆಗಾಲೀಟರಿಗಿಂತ ತುಸು ಹೆಚ್ಚು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ 70 ಟಿಎಂಸಿ ದಾಟುತ್ತದೆ. ಹೆಚ್ಚುಕಡಿಮೆ ನಮ್ಮ ಭದ್ರೆಯಷ್ಟು, ಕೆಆರ್‌ಎಸ್‌ನ 49.45 ಟಿಎಂಸಿಗಿಂತ ದೊಡ್ಡದು. ಇಲ್ಲಿ ಮುಂಗಾರು ಎಂಬ ವಾಯಿದೆ ಇಲ್ಲ. ವರ್ಷಕ್ಕೊಂದು ಬೆಟ್ಟ ಮೂಡುವ ಬದಲು ಗೆರೆ ವರ್ಷಗಟ್ಟಲೆ ಇಳಿಯುತ್ತಲೇ ಹೋಗುತ್ತದೆ, ಆಮೇಲೆ ಒಂದು ವಾರದಲ್ಲಿ ನೆಟ್ಟಗೆ ಏಳುತ್ತದೆ. 2019ರ ಡಿಸೆಂಬರಿನಲ್ಲಿ ಎರಡನೇ ಹಂತದ ನೀರಿನ ನಿರ್ಬಂಧ ಬಂದು, ಗಿಡಕ್ಕೆ ಪೈಪು ಹಿಡಿಯುವಂತಿರಲಿಲ್ಲ. ಕ್ಯಾನಿನಲ್ಲೋ ಬಕೆಟ್ಟಿನಲ್ಲೋ ಹೊರಬೇಕಿತ್ತು. 2020ರ ಫೆಬ್ರವರಿ ಶುರುವಿನಲ್ಲಿ ಶೇ 42ರ ಆಸುಪಾಸಿಗೆ ಬಂದಿದ್ದ ಸಂಗ್ರಹ, ಅದೇ ತಿಂಗಳು ಮುಗಿಯುವಷ್ಟರಲ್ಲಿ ಶೇ 80 ದಾಟಿತು. 2021ರ ಮಾರ್ಚ್‌ನಲ್ಲಿ ಕಟ್ಟೆ ಕೋಡಿ ಬಿದ್ದು ಕೆಳಗಿನ ಊರುಗಳಿಗೆ ನೀರು ನುಗ್ಗಿತು. 2022ರಲ್ಲಂತೂ ಸಿಡ್ನಿಗೆ 2,500 ಮಿಲಿಮೀಟರ್ ಮೀರಿ ಮಳೆ, ದಾಖಲೆ ಇಟ್ಟ ಮೇಲೆ ಅಷ್ಟು ಸುರಿದದ್ದೇ ಇಲ್ಲ. ಕನ್ನಂಬಾಡಿ, ವಾರಗ್ಯಾಂಬಾ ಎರಡೂ ಕಟ್ಟೆಗಳ ಗೆರೆಯನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ, ಇಲ್ಲಿಯವರು ಮಳೆಯ ಬಗ್ಗೆ ಮಾತಾಡುವಾಗ ದನಿಯಲ್ಲಿ ಯಾಕೆ ಅಷ್ಟು ಅನುಮಾನ ಇರುತ್ತದೆ ಎಂದು ನನಗೆ ಹೊಳೆಯಿತು.

ಲೈನ್ ಅಲ್ಲದೆ ಇನ್ನೆರಡು ಬಗೆಗಳಿವೆ. ಕಾಲಂ ಎಂಬುದು ಪುಟ್ಟ ಪುಟ್ಟ ಕಂಬಗಳ ಸಾಲು. ದಿನದ ಮಳೆಯಂಥ, ಅಂದಂದಿಗೆ ಮುಗಿಯುವ ಅಂಕಿಗೆ ಒಪ್ಪುತ್ತದೆ. ನನಗೆ ಇಷ್ಟವಾದದ್ದು ವಿನ್-ಲಾಸ್. ಅದಕ್ಕೆ ಎಷ್ಟು ಎಂಬುದು ಬೇಕಿಲ್ಲ. ಕೂಡಿದ್ದೋ ಕಳೆದದ್ದೋ ಅಷ್ಟೇ ಸಾಕು. ಗೆದ್ದರೆ ಮೇಲೊಂದು ಗೀಟು, ಸೋತರೆ ಕೆಳಗೊಂದು. 2024ರ ಐಪಿಎಲ್‌ನಲ್ಲಿ ಆರ್‌ಸಿಬಿ ಲೀಗ್ ಹಂತದ 14 ಪಂದ್ಯಗಳಲ್ಲಿ 7 ಗೆದ್ದು 7 ಸೋತಿತು. ಅಂಕಪಟ್ಟಿ ಹೇಳುವುದು ಅಷ್ಟನ್ನೇ. ವಿನ್-ಲಾಸ್ ಗೆರೆಯಲ್ಲಿ ಹಾಕಿ ನೋಡಿ: ಕೆಳಗೊಂದು, ಮೇಲೊಂದು, ಆಮೇಲೆ ಸಾಲಾಗಿ ಆರು ಕೆಳಗೆ, ಅದರಾಚೆ ಸಾಲಾಗಿ ಆರು ಮೇಲೆ. ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು ಸೋಲಿಸಿ ಪ್ಲೇಆಫ್‌ಗೆ ಹೋದದ್ದು ಆ ಕೊನೆಯ ಗೀಟು. ಒಂದು ಬಿಟ್ಟು ಒಂದು ಗೆದ್ದ ತಂಡದ 7–7 ಇದಕ್ಕೆ ಸಮವಾಗುತ್ತದೆಯೇ?

ಇದನ್ನೇ ಕಟ್ಟೆಗೆ ಹಚ್ಚಿದೆ. ಒಳಹರಿವಿನಿಂದ ಹೊರಹರಿವನ್ನು ಕಳೆದು ವಿನ್-ಲಾಸ್ ಹಾಕಿದರೆ, ಯಾವ ದಿನ ಕಟ್ಟೆ ಗಳಿಸಿತು, ಯಾವ ದಿನ ಕಳೆದುಕೊಂಡಿತು ಎಂಬುದು ಗೀಟುಗೀಟಾಗಿ ಕಾಣುತ್ತದೆ. ಲೆಕ್ಕಕ್ಕೆ ಒಂದು ಸುಳಿವು: ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಒಳಗೆ ಬರುವುದು ಹೊರಗೆ ಹೋಗುವುದಕ್ಕಿಂತ ಅಷ್ಟು ಹೆಚ್ಚಿದ್ದರೆ ಕಟ್ಟೆಗೆ ಅಂದು ಒಂದು ಟಿಎಂಸಿ ಲಾಭ. ಮಟ್ಟದ ಗೆರೆ ಇನ್ನೂ ಮೇಲೆಯೇ ಇರುವಾಗ ಕೆಳಗಿನ ಗೀಟುಗಳು ದಟ್ಟವಾಗತೊಡಗುತ್ತವೆ. ಆ ಎರಡನ್ನೂ ಅಕ್ಕಪಕ್ಕ ಇಟ್ಟ ಮೇಲೆ ಅಪ್ಪನ ಪ್ರಶ್ನೆಗೆ ಒಂದೇ ಉಸಿರಿನಲ್ಲಿ ಉತ್ತರ ಹೇಳುವಂತಾದೆ.

ಇಷ್ಟು ಹೊಗಳಿದ ಮೇಲೆ ಈ ಗೆರೆ ಹೇಳುವ ಸುಳ್ಳುಗಳನ್ನೂ ಹೇಳಬೇಕು. ಅದರಲ್ಲಿ ಮೊದಲನೆಯದಕ್ಕೆ ನಮ್ಮ ಮನೆತನವೇ ಬಲಿಯಾಯಿತು. ಒಂದು ಚಳಿಗಾಲದ ವಾರ ಕೆಆರ್‌ಎಸ್ ಮಟ್ಟ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಏಳು ದಿನದಲ್ಲಿ ಆದ ವ್ಯತ್ಯಾಸ ಗೇಣಿಗಿಂತ ಕಡಿಮೆ. ಆ ವಾರದ ಗೆರೆಯನ್ನು ಮಾತ್ರ ಎಳೆದು, ಅಂಕಿ ಸೇರಿಸದೆ, ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದೆ. ಗೆರೆ ಮನೆಯ ತಳದಿಂದ ಹೊರಟು ಸೂರಿಗೆ ತಲೆ ತಾಗಿಸಿತ್ತು. ಚಿಕ್ಕಪ್ಪ ಅದನ್ನು ನೋಡಿ ಊರಿನ ಇನ್ನೊಂದು ಗುಂಪಿಗೆ "ಕಟ್ಟೆ ಉಕ್ತಾ ಅದೆ" ಎಂದು ಬರೆದು ದಾಟಿಸಿಬಿಟ್ಟರು.

ತಪ್ಪು ಚಿಕ್ಕಪ್ಪನದಲ್ಲ. ಹೇಳದೇ ಬಿಟ್ಟರೆ ಎಕ್ಸೆಲ್ ಪ್ರತಿ ಸಾಲಿಗೂ ಅದರದೇ ಅಳತೆಗೋಲು ಹಿಡಿಯುತ್ತದೆ: ಆ ಸಾಲಿನ ಅತಿ ಚಿಕ್ಕ ಅಂಕಿಯನ್ನು ಮನೆಯ ತಳಕ್ಕೆ, ಅತಿ ದೊಡ್ಡದನ್ನು ಸೂರಿಗೆ ಹಚ್ಚಿ ನಡುವೆ ಹಿಗ್ಗಿಸುತ್ತದೆ. ಅರ್ಧ ಅಡಿಯ ಏರಿಕೆಯೂ ಐವತ್ತು ಅಡಿಯ ಏರಿಕೆಯೂ ಒಂದೇ ಎತ್ತರಕ್ಕೆ ಕಾಣುತ್ತವೆ. ಸರಿ, ಆ್ಯಕ್ಸಿಸ್ ಪಟ್ಟಿಯಲ್ಲಿ ಎಲ್ಲ ಗೆರೆಗೂ ಒಂದೇ ಅಳತೆ ಎಂಬ ಆಯ್ಕೆ ಇದೆಯಲ್ಲ, ಅದನ್ನೇ ಒತ್ತೋಣ ಎಂದರೆ ಇನ್ನೊಂದು ಅವಾಂತರ. 124 ಅಡಿಯ ಕೆಆರ್‌ಎಸ್ ಮತ್ತು 2922 ಅಡಿಯ ಹೇಮಾವತಿ ಒಂದೇ ಅಳತೆಗೋಲಿಗೆ ಬಿದ್ದರೆ ಒಂದು ತಳದಲ್ಲಿ ಮಲಗುತ್ತದೆ, ಇನ್ನೊಂದು ಸೂರಿನಲ್ಲಿ ಮಲಗುತ್ತದೆ, ಎರಡೂ ಅಲುಗುವುದಿಲ್ಲ.

ದಾರಿ ಇರುವುದು ಅಂಕಿಯನ್ನೇ ಬದಲಿಸುವುದರಲ್ಲಿ. ಅಡಿ ಬಿಟ್ಟು, ಪ್ರತಿ ಕಟ್ಟೆಯಲ್ಲೂ ಸಾಮರ್ಥ್ಯದ ಶೇಕಡಾ ಎಷ್ಟು ನೀರಿದೆ ಎಂದು ಲೆಕ್ಕ ಹಾಕಿ, ಅಳತೆಯ ತಳ ಸೊನ್ನೆ, ಸೂರು ನೂರು ಎಂದು ಕೈಯಾರೆ ಗೊತ್ತುಮಾಡಬೇಕು. ಎಕ್ಸೆಲ್‌ನಲ್ಲಿ ಕಸ್ಟಮ್ ವ್ಯಾಲ್ಯೂ ಎಂಬಲ್ಲಿ, ಗೂಗಲ್‌ನಲ್ಲಿ ಸೂತ್ರದೊಳಗೇ ವೈಮಿನ್, ವೈಮ್ಯಾಕ್ಸ್ ಎಂದು ಕೊಡುವುದು. ಆಗ ಲಿಂಗನಮಕ್ಕಿಯಿಂದ ವಾರಗ್ಯಾಂಬಾ ತನಕ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ಅಡಿಯನ್ನು ಬಿಡಲು ಇನ್ನೊಂದು ಕಾರಣವಿದೆ, ಇದನ್ನು ಮಂಡ್ಯದ ರೈತರು ನಮಗಿಂತ ಚೆನ್ನಾಗಿ ಬಲ್ಲರು. ಕಟ್ಟೆ ಬಿಂದಿಗೆಯಲ್ಲ, ಬಾಣಲೆ. ತಳ ಕಿರಿದು, ಬಾಯಿ ಅಗಲ. ಕೆಆರ್‌ಎಸ್ ತುಂಬುವ ಹೊತ್ತಿನಲ್ಲಿ ಮೇಲಿನ ಒಂದೇ ಅಡಿಯಲ್ಲಿ ಒಂದು ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. ತಳದ ಕಡೆಯ ಒಂದು ಅಡಿಯಲ್ಲಿ ಅದರ ಚಿಕ್ಕ ಪಾಲಷ್ಟೇ. 124ರಿಂದ 114ಕ್ಕೆ ಇಳಿದರೂ ಹತ್ತಡಿ, 90ರಿಂದ 80ಕ್ಕೆ ಇಳಿದರೂ ಹತ್ತಡಿ. ಅಡಿಯ ಗೆರೆಯಲ್ಲಿ ಎರಡಕ್ಕೂ ಒಂದೇ ಇಳಿಜಾರು. ನಾಲೆಗೆ ಹೋದ ನೀರು ಮಾತ್ರ ಒಂದೇ ಅಲ್ಲ. "ನೂರರ ಕೆಳಗೆ ಹೋದ್ರೆ ಬೇಗ್ ಬೇಗ ಇಳೀತದೆ ಕಣವ್ವ" ಎಂದು ಅಪ್ಪ ಹೇಳುತ್ತಿದ್ದುದರ ಗುಟ್ಟು ಇದು.

ಎರಡನೇ ಸುಳ್ಳು ಸೊನ್ನೆಯದು. ಒಂದು ದಿನ ಅಂಕಿ ಸಿಗಲಿಲ್ಲ, ಖಾಲಿ ಬಿಡಲು ಮನಸ್ಸು ಬಾರದೆ ಅಲ್ಲೊಂದು 0 ಒತ್ತಿದ್ದೆ. ಮಾರನೆಯ ದಿನ ನೋಡಿದರೆ ಹಾರಂಗಿಯ ಗೆರೆ ಬಾವಿಗೆ ಬಿದ್ದು ಎದ್ದುಬಂದಿತ್ತು, ರಾತ್ರೋರಾತ್ರಿ ಕಟ್ಟೆ ಬರಿದಾಗಿ ಮತ್ತೆ ತುಂಬಿದ ಹಾಗೆ. ಇಲ್ಲ ಎನ್ನುವುದೂ ಗೊತ್ತಿಲ್ಲ ಎನ್ನುವುದೂ ಬೇರೆ ಬೇರೆ. ಗೊತ್ತಿಲ್ಲದ ಮನೆಯನ್ನು ಖಾಲಿಯೇ ಬಿಡಬೇಕು. ಖಾಲಿಯನ್ನು ಬಿರುಕಾಗಿ ತೋರಿಸಬೇಕೋ, ಸೊನ್ನೆ ಎಂದುಕೊಳ್ಳಬೇಕೋ, ಅಕ್ಕಪಕ್ಕದ ಚುಕ್ಕೆಗಳನ್ನು ನೇರ ಜೋಡಿಸಬೇಕೋ ಎಂದು ಎಕ್ಸೆಲ್ ಕೇಳುತ್ತದೆ. ನಾನು ಬಿರುಕನ್ನೇ ಇಟ್ಟುಕೊಂಡಿದ್ದೇನೆ. ಕಾಣದ ದಿನ ಕಾಣದ ದಿನವಾಗಿಯೇ ಇರಲಿ.

ಕಾಲಂ ಗೆರೆಯಲ್ಲಿ ಇದರ ದಾಯಾದಿಯೊಂದಿದೆ: ಅಳತೆಯ ತಳವನ್ನು ಸೊನ್ನೆ ಎಂದು ಹೇಳದಿದ್ದರೆ ಸಾಲಿನ ಅತಿ ಚಿಕ್ಕ ಅಂಕಿಯ ಕಂಬ ಹೆಚ್ಚುಕಡಿಮೆ ಮಾಯವಾಗಿ, ಆ ದಿನ ಏನೂ ಇರಲಿಲ್ಲ ಎಂಬ ಭ್ರಮೆ ಹುಟ್ಟಿಸುತ್ತದೆ. ವಾರಕ್ಕೆರಡು ಸಲ, ಹತ್ತು ದಿನ ಬಿಟ್ಟು ಒಂದು ಸಲ ಎಂದು ಬೇಕಾಬಿಟ್ಟಿ ತುಂಬುವವರು ಡೇಟ್ ಆ್ಯಕ್ಸಿಸ್ ಎಂಬುದನ್ನೂ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಎರಡು ದಿನದ ಅಂತರವೂ ಹತ್ತು ದಿನದ ಅಂತರವೂ ಒಂದೇ ಅಗಲಕ್ಕೆ ಬರುತ್ತವೆ.

ಮೂರನೆಯದು ತೀರಾ ಮುಗ್ಧವಾಗಿ ಕಾಣುವಂಥದ್ದು. ಕಾಲಮ್ಮಿನ ಅಂಚು ಹಿಡಿದು ಅಗಲ ಮಾಡಿ ನೋಡಿ, ಬರಗಾಲ ತಗ್ಗುತ್ತದೆ. ಕಿರಿದು ಮಾಡಿ, ಪ್ರಪಾತವಾಗುತ್ತದೆ. ಅಂಕಿ ಒಂದೂ ಬದಲಾಗಿರುವುದಿಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ 1980ರ ದಶಕದಲ್ಲಿ ಈ ವಿಷಯದ ಬೆನ್ನು ಹತ್ತಿದರು. ಗೆರೆಯ ಏರಿಳಿತಗಳು ಸರಾಸರಿ 45 ಡಿಗ್ರಿಯ ಓರೆಯಲ್ಲಿದ್ದರೆ ಕಣ್ಣು ಅವನ್ನು ಚೆನ್ನಾಗಿ ಹೋಲಿಸುತ್ತದೆ ಎಂಬುದು ಅವರ ಸಲಹೆ. ಸೂರ್ಯನ ಕಲೆಗಳ ಲೆಕ್ಕವನ್ನು ಎತ್ತರದ ಗ್ರಾಫಿನಲ್ಲಿ ನೋಡಿದರೆ ಬರೀ ಮುಳ್ಳುಬೇಲಿ. ಅದನ್ನೇ ಚಪ್ಪಟೆ ಮಾಡಿದರೆ ಏರುವುದು ಬೇಗ, ಇಳಿಯುವುದು ನಿಧಾನ ಎಂಬ ಗುಣ ಕಾಣುತ್ತದೆ. ಕೆಆರ್‌ಎಸ್‌ನ ಘಟ್ಟದಾಕಾರ ನನಗೆ ಕಂಡದ್ದೂ ಮನೆಯನ್ನು ನಾಲ್ಕು ಪಟ್ಟು ಅಗಲ ಮಾಡಿದ ಮೇಲೆಯೇ.

ಗೆರೆ ಯಾಕೆ ಎಂಬುದನ್ನು ಹೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗೇಟು ಕೂರಿಸಲು ಕಟ್ಟೆಯನ್ನು ಇಳಿಸಲೇಬೇಕಾಗಿ ಬಂದು, ತುಂಬಿದ್ದ ನೀರನ್ನು ಉಳಿದ ಗೇಟುಗಳಿಂದಲೂ ಬಿಟ್ಟರು. ವಾರದೊಳಗೆ ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಗೇಟಿನ ಜಾಗಕ್ಕೆ ತಾತ್ಕಾಲಿಕ ಸ್ಟಾಪ್ ಲಾಗ್ ಕೂತಿತು. ನನ್ನ ಹಾಳೆಯಲ್ಲಿ ಅದು ಚಾಕುವಿನಿಂದ ಕೊಯ್ದಂಥ ಒಂದು ಇಳಿತ. ಪ್ರವಾಹದ ಭಯಕ್ಕೆ ನೀರು ಬಿಟ್ಟಿದ್ದರೂ ಅದೇ ಇಳಿತ, ಗೇಟು ಮುರಿದಿದ್ದರೂ ಅದೇ ಇಳಿತ. ರಾಯಚೂರು, ಕೊಪ್ಪಳದ ರೈತರು ಆ ವಾರ ಹೇಗೆ ಉಸಿರು ಹಿಡಿದಿದ್ದರು ಎಂಬುದಕ್ಕೆ ಪೇಪರನ್ನೇ ಓದಬೇಕು. ಗೆರೆ ಮಾಡುವ ಉಪಕಾರ, ಯಾವ ದಿನದ ಪೇಪರ್ ಹುಡುಕಬೇಕು ಎಂದು ಬೆರಳು ತೋರಿಸುವುದು.

ಅದೇ ಉಪಕಾರ ನಮ್ಮ ಮನೆಯ ಕರೆಂಟಿಗೂ ಆಯಿತು. ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ಮಾರ್ಟ್ ಮೀಟರ್ ಇದ್ದರೆ ನಿಮ್ಮ ಮನೆಯ ಬಳಕೆಯ ವಿವರವನ್ನು ಕಂಪನಿಯಿಂದ ಕೇಳಿ ಪಡೆಯಬಹುದು. ನನಗೆ ಬಂದ ಕಡತದಲ್ಲಿ ದಿನಕ್ಕೊಂದು ಸಾಲು, ಸಾಲಿಗೆ 48 ಅಂಕಿ, ಅರ್ಧ ಗಂಟೆಗೊಂದರಂತೆ. ಸ್ಪಾರ್ಕ್‌ಲೈನ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಎಳೆದು ನೋಡಿದರೆ ಪ್ರತಿ ದಿನಕ್ಕೂ ಒಂದು ಸಹಿ: ಬೆಳಿಗ್ಗೆ ಕುಕ್ಕರು-ಮಿಕ್ಸಿಯ ಸಣ್ಣ ಗುಡ್ಡ, ಸಂಜೆ ದೊಡ್ಡ ಗುಡ್ಡ, ಜನವರಿಯ ಬಿಸಿಲಿನ ದಿನಗಳಲ್ಲಿ ಏಸಿಯ ಪ್ರಸ್ಥಭೂಮಿ. ನಾವು ಊರಿಗೆ ಹೋಗಿದ್ದ ತಿಂಗಳಲ್ಲಿ ಗೆರೆ ನೆಲಕಚ್ಚಿರಬೇಕಿತ್ತು. ರಾತ್ರಿ ಒಂದರಿಂದ ನಾಲ್ಕರವರೆಗೆ ಮೂವತ್ತು ದಿನವೂ ಒಂದೇ ಗಾತ್ರದ ಗುಬುಟು. ಯಾರೂ ಇಲ್ಲದ ಮನೆಯಲ್ಲಿ ಬಿಸಿನೀರಿನ ಟ್ಯಾಂಕು ನಿಷ್ಠೆಯಿಂದ ಕಾಯುತ್ತಾ ಕೂತಿತ್ತು. ಆಫ್ ಮಾಡಿ ಬಂದೆ ಎಂದು ವಿಮಾನದಲ್ಲಿ ಯಜಮಾನರ ಮುಂದೆ ಆಣೆ ಹಾಕಿದವಳು ನಾನೇ. ಮೂರು ತಿಂಗಳಿಗೊಮ್ಮೆ ಬರುವ ಬಿಲ್ಲಿನ ಒಟ್ಟು ಮೊತ್ತದಲ್ಲಿ ಇದು ಯಾವ ಕಾಲಕ್ಕೂ ಕಾಣುತ್ತಿರಲಿಲ್ಲ.

ಚಿಕ್ಕಪ್ಪನ ಪ್ರಸಂಗದ ಮೇಲೆ ನಾನು ಒಂದು ನಿಯಮ ಹಾಕಿಕೊಂಡೆ: ಗೆರೆಯನ್ನು ಒಂಟಿಯಾಗಿ ಕಳಿಸುವುದಿಲ್ಲ. ಎಡಗಡೆ ಕಟ್ಟೆಯ ಹೆಸರು, ನಡುವೆ ಗೆರೆ, ಬಲಗಡೆ ಇಂದಿನ ಅಂಕಿ. ಗೆರೆಯ ಮೇಲೆ ವರ್ಷದ ಅತಿ ಎತ್ತರಕ್ಕೆ ಒಂದು ಹಸಿರು ಚುಕ್ಕೆ, ಇಂದಿನ ದಿನಕ್ಕೆ ಒಂದು ಕೆಂಪು ಚುಕ್ಕೆ. ಎಕ್ಸೆಲ್ ಇನ್ನೂ ನಾಲ್ಕು ಬಗೆಯ ಚುಕ್ಕೆ ಕೊಡುತ್ತದೆ. ಎಲ್ಲವನ್ನೂ ಹಾಕಿದರೆ ಗೆರೆಗೆ ಸಿಡುಬು ಎದ್ದ ಹಾಗಾಗುತ್ತದೆ. ಎರಡು ಸಾಕು. ಅಕ್ಕನ ಮಗಳು ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ ಅಪ್ಪನಿಗೆ ತೋರಿಸುತ್ತಾಳೆ. ಶುರುವಿನಲ್ಲಿ ಅವರು ಅದನ್ನು ನೋಡಿ, "ಇದೇನವ್ವಾ, ಇಸಿಜಿ ಕಳ್ಸಿದ್ದೀಯಾ?" ಎಂದಿದ್ದರು.

2025ರ ಜೂನ್‌ನಲ್ಲಿ ಆ ಕೆಂಪು ಚುಕ್ಕೆ ಓಡತೊಡಗಿತು. ಕೊಡಗಿನಲ್ಲಿ ಮಳೆ ಬೇಗ ಹಿಡಿದಿತ್ತು. ವಿನ್-ಲಾಸ್‌ನಲ್ಲಿ ಕೆಳಗಿನ ಗೀಟೇ ಇಲ್ಲ. ತಿಂಗಳ ಕೊನೆಗೆ ಕೆಂಪು ಚುಕ್ಕೆ ಹಸಿರು ಚುಕ್ಕೆಯ ಮೇಲೇ ಹೋಗಿ ಕುಳಿತಿತು. ಕಟ್ಟೆ ಕಟ್ಟಿದ ಮೇಲೆ ಜೂನ್ ತಿಂಗಳಲ್ಲೇ ತುಂಬಿದ್ದು ಅದೇ ಮೊದಲು. 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಕೊಡಲು ಬಂದರು. ಅಂದು ಇಲ್ಲಿ ಸೋಮವಾರ, ಚಳಿ, ನಾನು ಕಚೇರಿಯಲ್ಲಿ. ಹನ್ನೊಂದಕ್ಕೆ ಫೋನು ಬಂತು.

"ಏಟಾಗದೆ ಅಂತ ಹೇಳ್ಲಾ ಅಪ್ಪ?"

"ಬ್ಯಾಡ ಬುಡವ್ವ, ಗೊತ್ತು. ಒಟ್ಲು ಹಾಕ್ಸುಕೆ ಆಳು ಕರೆಯೋಕೆ ಹೊಂಟಿದ್ದೆ. ಬಾಗಿನಕ್ಕೆ ಬರ್ತಾವ್ರಂತೆ, ದಾರಿ ಉದ್ದಕ್ಕೂ ಪೊಲೀಸ್ನೋರು, ಬಸ್ಸೇ ಇಲ್ಲ. ಅದ್ಯಾವಾಗ ಬುಡ್ತಾರೆ ನೋಡಿ ಹೇಳು."